ನಿಮಗಿದು ಗೊತ್ತೆ? ಬಾಯಿಂದ ಬಳ್ಳಿ ಬಿಡುವ ಮುಖಗಳು!

ಸ್ಕಾಟ್ಲೆಂಡಿನ ರೋಸ್ಲಿನ್ ಚಾಪೆಲ್‌ನಲ್ಲಿ ಎಲೆ, ಬಳ್ಳಿಗಳ ನಡುವೆ ನೂರಕ್ಕೂ ಹೆಚ್ಚು ಕಲ್ಲಿನ ಮುಖಗಳಿವೆ! ಎಡಿನ್‌ಬರೊ ಸಮೀಪದ ಈ ಪುಟ್ಟ ಚರ್ಚ್ ಆರಂಭವಾದದ್ದು 1446ರಲ್ಲಿ. ಅತಿ ಪ್ರಸಿದ್ಧ ಮುಖ ಚಾವಣಿಯಿಂದ ಇಳಿಬಿದ್ದ ಕಲ್ಲಿನಲ್ಲಿದೆ. ನಗುವ ಬಾಯಿಯ ಎರಡೂ ಅಂಚಿನಿಂದ ಹೊರಟ ಬಳ್ಳಿ ಮುಖದ ಸುತ್ತ ಎಲೆಯಾಗಿ ಹರಡಿದೆ. ಇಂಥ ಮುಖಗಳಿಗೆ ‘ಗ್ರೀನ್ ಮ್ಯಾನ್’ ಎಂಬ ಹೆಸರು ಜನಪ್ರಿಯವಾದದ್ದು 1939ರಲ್ಲಿ ಲೇಡಿ ರ‍್ಯಾಗ್ಲನ್ ಎಂಬವರು ಬರೆದ ಲೇಖನದಿಂದ. ಇಂಗ್ಲೆಂಡಿನ ಸೌತ್‌ವೆಲ್ ಮಿನ್‌ಸ್ಟರ್ ಚರ್ಚ್‌ನಲ್ಲೂ ಇವು ಎಲೆಗಳ ನಡುವಿಂದ ಇಣುಕುತ್ತವೆ. ಅಲ್ಲಿನ 13ನೇ ಶತಮಾನದ ಶಿಲ್ಪಿಗಳ ಕೈಚಳಕಕ್ಕೆ ಎಷ್ಟು ಬೆರಗಾದರೂ ಸಾಲದು. ಓಕ್, ಮೇಪಲ್, ಐವಿ, ದ್ರಾಕ್ಷಿ... ಕಲ್ಲಿನ ಎಲೆ ನೋಡಿಯೇ ಗಿಡ ಯಾವುದೆಂದು ಹೇಳಿಬಿಡಬಹುದು!