ಕಾಫಿ ರೆಂಬೆ ಕೊರೆಯುವ ಹುಳ ಮರ ತಿನ್ನುತ್ತದೆಯೇ? ಇಲ್ಲ, ಒಳಗೆ ಬೇಸಾಯ ಮಾಡುತ್ತದೆ!

“ಕಾಫಿಗೆ ಕೊರಕ ಬಿದ್ದಿದೆಯೇ? ಈ ಔಷಧಿ ಒಂದೇ ಸಲ ಹೊಡೆಯಿರಿ, ಹುಳ ನಾಶ. ಎಲ್ಲ ಬೆಳೆಗಾರರಿಗೂ ಶೇರ್ ಮಾಡಿ.”

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಮೆಸೇಜನ್ನು ನೀವೂ ನೋಡಿರಬಹುದು. ನನಗೆ ಅದನ್ನು ಕಳಿಸಿದ್ದು ನಮ್ಮ ಚಿಕ್ಕಪ್ಪ. ಅಷ್ಟರಲ್ಲಿ ಅವರು ಎರಡು ಸಲ ಔಷಧಿ ಹೊಡೆಸಿ, ಕೂಲಿಯನ್ನೂ ಕೊಟ್ಟಾಗಿತ್ತು. ರೊಬಸ್ಟಾ ರೆಂಬೆಗಳು ಒಣಗುವುದು ಮಾತ್ರ ನಿಲ್ಲಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಯಾವ ಕೊರಕ?

ಕಾಫಿಯಲ್ಲಿ ‘ಕೊರಕ’ ಎಂದರೆ ಒಂದೇ ಹುಳ ಅಲ್ಲ. ಅರೇಬಿಕಾವನ್ನು ಕಾಡುವ ಬಿಳಿ ಕಾಂಡಕೊರಕ ಕಾಂಡದ ತೊಗಟೆಯ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿಹುಳು ಒಳಗೆ ಹೋಗಿ ಮರವನ್ನೇ ತಿನ್ನುತ್ತದೆ. ರೊಬಸ್ಟಾವನ್ನು ಹೆಚ್ಚಾಗಿ ಕಾಡುವುದು ರೆಂಬೆ ಕೊರಕ, ಅಂದರೆ ಶಾಟ್ ಹೋಲ್ ಬೋರರ್. ಇದು ಸುಮಾರು 2 ಮಿಲಿಮೀಟರ್ ಉದ್ದದ ಕಪ್ಪು ದುಂಬಿ. ಇದರ ಊಟವೇ ಬೇರೆ.

ಮರ ತಿನ್ನದಿದ್ದರೆ ಕೊರೆಯುವುದೇಕೆ?

ಹೆಣ್ಣು ದುಂಬಿ ಎಳೆ ರೆಂಬೆಯ ಕೆಳಭಾಗದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಮಾಡುತ್ತದೆ. ಕೊರೆದ ಪುಡಿಯನ್ನು ನುಂಗುವುದಿಲ್ಲ, ಹೊರಗೆ ತಳ್ಳುತ್ತದೆ. ಅದರ ಎದೆಭಾಗದಲ್ಲಿ, ಬೆನ್ನಿನ ಕಡೆಗೆ ಒಂದು ಪುಟ್ಟ ಚೀಲವಿದೆ. ಅದರೊಳಗೆ ಶಿಲೀಂಧ್ರದ ಬೀಜಕಣಗಳಿರುತ್ತವೆ. ಸುರಂಗದ ಗೋಡೆಗೆ ಅವು ತಾಗಿ, ಅಲ್ಲಿ ಬೂಷ್ಟು ಬೆಳೆಯುತ್ತದೆ. ತಾಯಿಗೂ ಮರಿಗಳಿಗೂ ಅದೇ ಊಟ.

ಮರದಲ್ಲಿ ಪೋಷಕಾಂಶ ಕಡಿಮೆ. ಕೀಟಗಳು ಬೆಳೆಯಲು ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಅವುಗಳ ದೇಹ ತಾನೇ ತಯಾರಿಸಿಕೊಳ್ಳಲಾರದು. ದುಂಬಿಗೆ ಅದು ಬೂಷ್ಟಿನಿಂದ ಸಿಗುತ್ತದೆ. ಬದಲಿಗೆ ಬೂಷ್ಟಿಗೆ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಸವಾರಿ, ಜೊತೆಗೆ ಒಳಗೆ ಹೋಗಲು ಬಾಗಿಲು. ಮರಿಗಳು ಬೆಳೆದು ಹೊರಡುವಾಗ, ಹೊಸ ಹೆಣ್ಣುಗಳು ಅದೇ ಬೂಷ್ಟನ್ನು ಚೀಲದಲ್ಲಿ ತುಂಬಿಕೊಂಡು ಹಾರುತ್ತವೆ. ನಾವು ಮುಂದಿನ ಹಂಗಾಮಿಗೆ ಬಿತ್ತನೆ ಬೀಜ ಎತ್ತಿಡುವ ಹಾಗೆ!

ಇದು ಹೊಸ ಸಂಗತಿಯೇನಲ್ಲ. ಇಂಥ ದುಂಬಿಗಳ ಸುರಂಗದಲ್ಲಿದ್ದ ಬಿಳಿ ಪದಾರ್ಥಕ್ಕೆ ಆಸ್ಟ್ರಿಯಾದ ಜೋಸೆಫ್ ಶ್ಮಿಡ್‌ಬರ್ಗರ್ 1836ರಲ್ಲಿ ‘ಅಂಬ್ರೋಸಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಅದು ದೇವತೆಗಳ ಆಹಾರ. ಅದು ಶಿಲೀಂಧ್ರ ಎಂದು 1844ರಲ್ಲಿ ಗುರುತಿಸಿದವರು ಜರ್ಮನಿಯ ಥಿಯೊಡೋರ್ ಹಾರ್ಟಿಗ್.

ಔಷಧಿ ಯಾಕೆ ಕೆಲಸ ಮಾಡುವುದಿಲ್ಲ?

ಮೊಟ್ಟೆ, ಮರಿ, ಕೋಶ ಎಲ್ಲವೂ ರೆಂಬೆಯ ಒಳಗೇ ಇರುತ್ತವೆ. ಗಂಡಿಗೆ ಹಾರಲು ಬರುವುದಿಲ್ಲ, ಹೆಣ್ಣಿನ ಜೊತೆ ಅಲ್ಲೇ ಕೂಡುತ್ತದೆ. ಹೆಣ್ಣು ಹೊರಗಿರುವುದು ಹೊಸ ರೆಂಬೆ ಹುಡುಕುವ ಅಲ್ಪ ಹೊತ್ತು ಮಾತ್ರ. ತೊಗಟೆ, ಎಲೆಗಳನ್ನು ಅದು ತಿನ್ನುವುದೇ ಇಲ್ಲ. ಹಾಗಾಗಿ ಮೇಲೆ ಹೊಡೆದ ವಿಷ ಅದರ ಹೊಟ್ಟೆ ಸೇರುವುದಿಲ್ಲ.

“ಹಾಗಾದರೆ ಬೂಷ್ಟಿಗೇ ಔಷಧಿ ಹೊಡೆದರಾಯಿತಲ್ಲ?” ಎಂದು ಚಿಕ್ಕಪ್ಪ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಬೂಷ್ಟೂ ಅದೇ ಸುರಂಗದೊಳಗಿದೆ. ಹೊರಗಿನಿಂದ ಹೊಡೆದದ್ದು ಅಲ್ಲಿಗೂ ಮುಟ್ಟುವುದಿಲ್ಲ.

ಏನು ಮಾಡಬೇಕು?

ಹುಳದ ಮನೆ, ಹೊಲ, ಬೀಜ ಮೂರೂ ಇರುವುದು ಒಂದೇ ರೆಂಬೆಯಲ್ಲಿ. ಆದ್ದರಿಂದ ಆ ರೆಂಬೆಯನ್ನೇ ತೆಗೆಯುವುದು ಸರಿಯಾದ ದಾರಿ.

• ಎಲೆ ಬಾಡಿದ ರೆಂಬೆಯ ಕೆಳಭಾಗದಲ್ಲಿ ತೂತು ಇದೆಯೇ ನೋಡಿ.
• ತೂತಿನಿಂದ ಕಾಂಡದ ಕಡೆಗೆ 2–3 ಅಂಗುಲ ಬಿಟ್ಟು ಕತ್ತರಿಸಿ.
• ಕತ್ತರಿಸಿದ್ದನ್ನು ಗಿಡದ ಬುಡದಲ್ಲಿ ಬಿಡಬೇಡಿ, ಸುಟ್ಟುಬಿಡಿ. ಬಿಟ್ಟರೆ ಒಳಗಿನ ಹೆಣ್ಣುಗಳು ಬೂಷ್ಟಿನ ಸಮೇತ ಹಾರಿಹೋಗುತ್ತವೆ.
• ಬೇಡದ ಚಿಗುರು ತೆಗೆಯಿರಿ. ನೆರಳು ಅತಿಯಾಗದಂತೆ, ನೀರು ನಿಲ್ಲದಂತೆ ನೋಡಿಕೊಳ್ಳಿ.
• ಅನುಮಾನವಿದ್ದರೆ ತೂತಿರುವ ರೆಂಬೆಯನ್ನು ಹತ್ತಿರದ ಕಾಫಿ ಮಂಡಳಿ ಕಚೇರಿಗೆ ಒಯ್ದು ತೋರಿಸಿ.

ಕೊನೆಯ ಮಾತು

ಒಂದು ಔಷಧಿಯಿಂದ ಎಲ್ಲ ಕೊರಕವೂ ಸಾಯುತ್ತದೆ ಎನ್ನುವ ಮೆಸೇಜ್ ನಂಬುವಂಥದ್ದಲ್ಲ. ಅಂಥದ್ದು ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: “ಯಾವ ಕೊರಕಕ್ಕೆ?” ಉತ್ತರ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ. ಚಿಕ್ಕಪ್ಪ ಈಗ ಸ್ಪ್ರೇಯರ್ ಬದಿಗಿಟ್ಟು, ಕತ್ತರಿ ಹಿಡಿದು ತೋಟಕ್ಕೆ ಹೋಗುತ್ತಿದ್ದಾರೆ.