ಸಿಥಿಯನ್ನರ ಬಾಣಕ್ಕೆ ಸವರಿದ ಕೊಳಕು

ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸುವುದೇ ನನ್ನ ಕಸುಬು. ಹಾಗಾಗಿ ಸಿಥಿಯನ್ ಬಿಲ್ಲುಗಾರರ ವಿಷದ ಪಾಕ ಓದಿದಾಗ ಮೈ ಜುಮ್ಮೆಂದಿತು. ಕಪ್ಪು ಸಮುದ್ರದ ಉತ್ತರಕ್ಕೆ ಕುದುರೆಯೇರಿ ಅಲೆಯುತ್ತಿದ್ದ ಈ ಜನ, ಆಗಷ್ಟೇ ಮರಿಹಾಕಿದ ಮಂಡಲ ಜಾತಿಯ ಹಾವು ಹಿಡಿದು ಕೆಲವು ದಿನ ಕೊಳೆಯಲು ಬಿಡುತ್ತಿದ್ದರಂತೆ. ಮನುಷ್ಯರ ರಕ್ತವನ್ನು ಪುಟ್ಟ ಪಾತ್ರೆಗೆ ತುಂಬಿ, ಬಾಯಿ ಮುಚ್ಚಿ, ತಿಪ್ಪೆಯಲ್ಲಿ ಹೂಳುವುದು. ಅದೂ ಕೊಳೆತ ಮೇಲೆ ಮೇಲಿನ ತಿಳಿಯನ್ನು ಹಾವಿನ ರಸಕ್ಕೆ ಬೆರೆಸುವುದು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಗ್ರಂಥವೊಂದು ಇದನ್ನು ಹೀಗೇ ವಿವರಿಸುತ್ತದೆ.

ರಕ್ತದಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ನಾವು ಇಂದಿಗೂ ಕುರಿಯ ರಕ್ತ ಬೆರೆಸಿದ ಅಗಾರ್ ತಟ್ಟೆಗಳನ್ನೇ ಬಳಸುತ್ತೇವೆ. ಸಗಣಿ, ಲದ್ದಿಯಲ್ಲಿ ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಅಡಗಿರುತ್ತದೆ. ಗಾಳಿಯಿಲ್ಲದ ಕಡೆಯೇ ಅದು ಬಲಿಯುವುದು. ಮುಚ್ಚಿದ ಪಾತ್ರೆಯಲ್ಲಿ ಗಾಳಿಯಿಲ್ಲ, ಬಾಣ ಕೊರೆದ ಆಳದ ಗಾಯದಲ್ಲೂ ಇಲ್ಲ! ಹಾವಿನ ವಿಷಕ್ಕಿಂತ ಈ ಕೊಳಕೇ ಹೆಚ್ಚು ಕ್ರೂರ ಎನ್ನುತ್ತೇನೆ. ಬದುಕಿದೆನೆಂದುಕೊಂಡ ಸೈನಿಕನಿಗೆ ದಿನಗಳು ಕಳೆದ ಮೇಲೆ ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನಂತೆ ಬಾಗಿ, ಪ್ರಜ್ಞೆ ಇರುವಾಗಲೇ ನರಳಾಟ.

ಜಪಾನಿನ ವಿಜ್ಞಾನಿ ಕಿಟಸಾಟೊ ಧನುರ್ವಾಯುವಿನ ಈ ಸೂಕ್ಷ್ಮಾಣುವನ್ನು ಬೇರ್ಪಡಿಸಿ ಬೆಳೆಸಿದ್ದು 1889ರಲ್ಲಿ. ನಮ್ಮ ಕೊಟ್ಟಿಗೆಯ ಮಣ್ಣಿನಲ್ಲೂ ಅದು ಇದೆ. ಕಾಲಿಗೆ ಮೊಳೆ ಚುಚ್ಚಿದರೆ ಗಾಯ ತೊಳೆದು, ಧನುರ್ವಾಯು ಚುಚ್ಚುಮದ್ದಿಗಾಗಿ ಅಂದೇ ವೈದ್ಯರ ಬಳಿ ಹೋಗಿ.