ಟ್ಯಾಂಕ್ ತುಂಬಿಸಿದಾಗಲೇ ನಿಲ್ಲುವ ಗಾಡಿ

ಕಳೆದ ಡಿಸೆಂಬರಿನ ಒಂದು ಸಂಜೆ. ಛತ್ರಪತಿ ಸಂಭಾಜಿನಗರದಲ್ಲಿ ಸಂತೆ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಬೈಕಿನಲ್ಲಿ ಪೈಠಣಕ್ಕೆ ಮರಳುತ್ತಿದ್ದೆವು. ಊರು ಬಿಡುವಾಗ ಟ್ಯಾಂಕ್ ಫುಲ್ ಮಾಡಿಸಿದ್ದೆ. ಚಿತೇಗಾಂವ್ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ. ಲೈಟಿಲ್ಲ, ರಿಫ್ಲೆಕ್ಟರೂ ಇಲ್ಲ. ಬಲಕ್ಕೆ ತೆಗೆದುಕೊಂಡು ಎರಡನೇ ಟ್ರಾಲಿಯ ಪಕ್ಕಕ್ಕೆ ಬಂದಿದ್ದೆನಷ್ಟೆ, ಗಾಡಿ ಒಂದೆರಡು ಸಲ ಜಗ್ಗಿ ಬಂದ್ ಆಯಿತು. ಎದುರಿಗೆ ಲಾರಿಯ ಬೆಳಕು. ಕ್ಲಚ್ ಹಿಡಿದು, ಬ್ರೇಕ್ ಒತ್ತಿ, ಟ್ರಾಲಿ ಮುಂದೆ ಹೋಗಲು ಬಿಟ್ಟು, ಅದರ ಹಿಂದಿನಿಂದ ಎಡಕ್ಕೆ ಹೊರಳಿ ಮಣ್ಣಿಗೆ ಇಳಿದೆ. ಲಾರಿ ಹಾರ್ನ್ ಹೊಡೆಯುತ್ತಾ ಹೋಯಿತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಹೇಳಿದ್ದು ಒಂದೇ ಮಾತು: ‘ನಾ ಇನ್ನ ಈ ಗಾಡಿ ಮ್ಯಾಲ ಕೂಡೂದಿಲ್ರಿ.’

ನನಗೆ ಸಿಟ್ಟು ಬಂದಿದ್ದು ಗಾಡಿಯ ಮೇಲಲ್ಲ, ನನ್ನ ಮೇಲೇ. ಚಿತೇಗಾಂವ್‌ನ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ವಿಭಾಗದ ಎಂಜಿನಿಯರ್. ಯಂತ್ರ ಕೆಟ್ಟರೆ ‘ಯಾಕೆ, ಯಾಕೆ’ ಎಂದು ಐದು ಸಲ ಕೇಳಿ ಮೂಲ ಕಾರಣ ಹಿಡಿಯುವುದೇ ನನ್ನ ಹೊಟ್ಟೆಪಾಡು. ಹೆಂಡತಿ ಪೈಠಣದಲ್ಲಿ ಬ್ಯಾಂಕ್ ಅಧಿಕಾರಿ. ಹಾಗಾಗಿ ಮನೆ ಪೈಠಣದಲ್ಲಿ, ನನ್ನದು ದಿನಾ ಬೈಕಿನ ಓಡಾಟ. ಈ ಬೈಕು 2012ರಲ್ಲಿ ಧಾರವಾಡದಲ್ಲಿ ಕೊಂಡ 150 ಸಿಸಿಯದು, ಕಾರ್ಬೊರೇಟರ್ ಕಾಲದ್ದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯದೇ ನೋಂದಣಿ ಬೇಕು. ಧಾರವಾಡದ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ 25 ಹೋಗಿ ಎಂಎಚ್ 20 ಆಗುವಷ್ಟರಲ್ಲಿ ಸಾಕಾಗಿತ್ತು. ಅಷ್ಟೆಲ್ಲ ಮಾಡಿದ ಗಾಡಿಯನ್ನು ಗುಜರಿ ರೇಟಿಗೆ ಮಾರಲು ಮನಸ್ಸು ಬರುವುದಿಲ್ಲ.

ಗಾಡಿ ನಿಲ್ಲಲು ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು. ನಗರದ ಗ್ಯಾರೇಜೊಂದರಲ್ಲಿ ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಕಾರ್ಬೊರೇಟರ್ ಬಿಚ್ಚಿ ಜೆಟ್ ತೊಳೆದರು. ಮೂರನೇ ಸಲ ಇಗ್ನಿಷನ್ ಕಾಯಿಲ್. ಪ್ರತಿ ಸಲವೂ ಅಂಗಳದಲ್ಲಿ ಅರ್ಧ ಗಂಟೆ ಸ್ಟಾರ್ಟಿನಲ್ಲಿಟ್ಟು ‘ನೋಡಿ ಸರ್, ನಿಲ್ಲುತ್ತಾ?’ ಎನ್ನುತ್ತಿದ್ದರು. ನಿಲ್ಲುತ್ತಿರಲಿಲ್ಲ. ಒಟ್ಟು 2,300 ರೂಪಾಯಿ ಹೋಯಿತು.

ನಾನೂ ಸುಮ್ಮನೆ ಕೂತಿರಲಿಲ್ಲ. ಗಾಡಿ ಎಲ್ಲಿ ನಿಂತಿತು, ಎಷ್ಟು ಕಿಲೋಮೀಟರ್ ಓಡಿತ್ತು, ಪೆಟ್ರೋಲ್ ಎಷ್ಟಿತ್ತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಒಂದು ಸಂಗತಿ ಎದ್ದು ಕಂಡಿತು: ಟ್ಯಾಂಕ್ ತುಂಬಿಸಿದ ದಿನ ಹನ್ನೆರಡು–ಹದಿನೈದು ಕಿಲೋಮೀಟರಿಗೇ ನಿಲ್ಲುತ್ತದೆ. ಪೆಟ್ರೋಲ್ ತಳ ಕಂಡ ದಿನ ಮನೆಯಿಂದ ಕಾರ್ಖಾನೆಯವರೆಗೂ ತಕರಾರಿಲ್ಲ. ಇನ್ನೇನು ಬೇಕು, ಪೆಟ್ರೋಲೇ ಕಲಬೆರಕೆ ಎಂದು ತೀರ್ಮಾನಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್‌ಗೆ ಮೊದಲು ಹೋಗುವುದು ಆ ತಳದ್ದೇ. ಇಷ್ಟು ಓದಿಕೊಂಡು ಪೈಠಣದ ಬಂಕಿನ ಹುಡುಗನ ಹತ್ತಿರ ಜಗಳವನ್ನೂ ಆಡಿದೆ. ಅವನು ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ತೋರಿಸಿದ; ತಿಳಿಯಾಗಿಯೇ ಇತ್ತು. ಬಂಕ್ ಬದಲಿಸಿದೆ. ಗಾಡಿ ನಿಲ್ಲುವುದು ಬದಲಾಗಲಿಲ್ಲ.

ಕಬ್ಬಿನ ಟ್ರ್ಯಾಕ್ಟರಿನ ಮರುದಿನದಿಂದ ಹೆಂಡತಿ ಎಲ್ಲಿಗೆ ಹೋಗುವುದಿದ್ದರೂ ಎಸ್‌ಟಿ ಬಸ್ಸು ಹಿಡಿದಳು. ಅದೇ ವಾರ ಕೆಲಸಕ್ಕೆ ಹೋಗುವಾಗ ಢೋರಕೀನ್ ಹತ್ತಿರ ಗಾಡಿ ಮತ್ತೆ ನಿಂತಿತು. ರಸ್ತೆ ಬದಿಯಲ್ಲೇ ತಗಡಿನ ಶೆಡ್ಡು, ಒಳಗೆ ಅರವತ್ತು ದಾಟಿದ ಮಿಸ್ತ್ರಿ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಅವರು ಕೂರಿಸಿ ಪ್ರಶ್ನೆ ಕೇಳಿದರು. ನಿಲ್ಲುವಾಗ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೋ, ಜಗ್ಗಿ ಜಗ್ಗಿ ನಿಲ್ಲುತ್ತದೋ? ಜಗ್ಗಿ, ಎಂದೆ. ಹಾಗಿದ್ದರೆ ಕರೆಂಟಿನ ದೋಷವಲ್ಲ, ಪೆಟ್ರೋಲ್ ಬರುತ್ತಿಲ್ಲ ಎಂದರು. ಕರೆಂಟ್ ತಪ್ಪಿದರೆ ಎಂಜಿನ್ ಒಮ್ಮೆಲೇ ಸಾಯುತ್ತದೆ. ಪೆಟ್ರೋಲ್ ತಪ್ಪಿದರೆ ಕೊಸರಾಡಿ ಸಾಯುತ್ತದೆ. ಗುಂಡಿ ಹಾರಿದಾಗ ಮಾತ್ರ ನಿಲ್ಲುತ್ತದೆಯೇ? (ಹಾಗಾದರೆ ಸಡಿಲ ವೈರು ನೋಡಬೇಕಂತೆ.) ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ? ಇಲ್ಲ. ಬಿಸಿಯಾದಾಗ ನಿಂತು, ತಣ್ಣಗಾಗುವವರೆಗೆ ಸತಾಯಿಸುತ್ತದೆಯೇ? ಅದೂ ಇಲ್ಲ, ಎರಡೇ ನಿಮಿಷಕ್ಕೆ ಚಾಲೂ ಆಗುತ್ತದೆ.

‘ಆ ಎರಡು ನಿಮಿಷ ನೀವೇನು ಮಾಡುತ್ತೀರಿ?’

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನನ್ನ ಡೈರಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಏನು ಮಾಡುತ್ತೇನೆ? ಎಲ್ಲರೂ ಮಾಡುವುದೇ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ನೋಡುತ್ತೇನೆ, ಮುಚ್ಚುತ್ತೇನೆ, ಕಿಕ್ ಹೊಡೆಯುತ್ತೇನೆ.

ಮಿಸ್ತ್ರಿ ನಕ್ಕುಬಿಟ್ಟರು. ಇವತ್ತು ಇನ್ನೂ ಮುಚ್ಚಳ ತೆಗೆದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡು, ಕೀಲಿ ಇಸಿದುಕೊಂಡು, ‘ಕಾನ್ ದ್ಯಾ’ ಎಂದರು. ಟ್ಯಾಂಕಿಗೆ ಕಿವಿ ಹಚ್ಚಿದೆ. ಮುಚ್ಚಳ ತೆರೆಯುತ್ತಲೇ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿತು. ಎರಡು ತಿಂಗಳು ಲಾರಿಗಳ ಸದ್ದಿನ ನಡುವೆ ಈ ಸುಸ್ ನನಗೆ ಕೇಳಿಸಿರಲೇ ಇಲ್ಲ.

ವಿಷಯ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲ್ ಇಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಒಳಗೆ ನಿರ್ವಾತ ಹೆಚ್ಚುತ್ತಾ ಹೋಗಿ ಪೆಟ್ರೋಲನ್ನು ಹಿಡಿದಿಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆ, ಹಾಗಾಗಿ ಸ್ವಲ್ಪ ಪೆಟ್ರೋಲ್ ಇಳಿಯುವಷ್ಟರಲ್ಲೇ ಹಿಡಿತ ಬಿಗಿಯಾಗುತ್ತದೆ. ಖಾಲಿ ಟ್ಯಾಂಕಿನಲ್ಲಿ ಗಾಳಿ ಬೇಕಾದಷ್ಟು, ಹಾಗಾಗಿ ತಡ. ಗ್ಯಾರೇಜಿನ ಅಂಗಳದಲ್ಲಿ ಐಡ್ಲಿಂಗ್‌ಗೆ ಬೇಕಾಗುವ ಪೆಟ್ರೋಲ್ ಅತ್ಯಲ್ಪ. ದಾರ ಕಟ್ಟಿಕೊಂಡ ತೂತಿನಿಂದ ನುಸುಳುವಷ್ಟು ಗಾಳಿ ಅದಕ್ಕೆ ಸಾಕು. ದೋಷ ನೋಡಲೆಂದು ನಾನೇ ಮುಚ್ಚಳ ತೆರೆದು ದೋಷವನ್ನು ಓಡಿಸುತ್ತಿದ್ದೆ. ಡೈರಿಯ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು, ಓದಿದ್ದು ತಪ್ಪು.

ತೂತು ಕಟ್ಟಲು ಕಾರಣವೂ ನಾನೇ. ದೀಪಾವಳಿಗೆ ಮುಂಚೆ ಆಸೆಪಟ್ಟು ರೆಕ್ಸಿನ್ ಟ್ಯಾಂಕ್ ಕವರ್ ಹಾಕಿಸಿದ್ದೆ. ಅದರ ಪಟ್ಟಿ ಮುಚ್ಚಳದ ಮೇಲೆ ಬಿಗಿಯಾಗಿ ಕೂರುತ್ತಿತ್ತು. ಎರೆಭೂಮಿಯ ಧೂಳು ಅದರಡಿ ಸೇರಿ, ವಾಟರ್ ಸರ್ವಿಸ್ ಮಾಡಿಸಿದಾಗ ಕೆಸರಾಗಿ, ಒಣಗಿ ಗಾರೆಯಾಗಿತ್ತು. ಮಿಸ್ತ್ರಿ ಮುಚ್ಚಳವನ್ನು ಪೆಟ್ರೋಲಿನಲ್ಲಿ ನೆನೆಸಿ, ಕೇಬಲ್ಲಿನ ಒಂದೇ ಎಳೆಯಿಂದ ಮೆಲ್ಲಗೆ ಚುಚ್ಚಿ, ಗಾಳಿ ಹಿಡಿದರು. ದಪ್ಪ ತಂತಿ ಹಾಕಿ ತೂತು ದೊಡ್ಡದು ಮಾಡಬೇಡಿ, ಮಳೆಗಾಲದಲ್ಲಿ ನೀರು ಇಳಿಯುತ್ತದೆ ಎಂದು ಎಚ್ಚರಿಸಿದರು. ಹೊಸ ಬಿಎಸ್-6 ಗಾಡಿಗಳಲ್ಲಿ ಪೆಟ್ರೋಲ್ ಆವಿ ಹೀರುವ ಡಬ್ಬಿಗೆ ಹೋಗುವ ಪೈಪ್ ಮಡಚಿಕೊಂಡರೂ ಇದೇ ಆಟ ನಡೆಯಬಹುದಂತೆ.

ಕೆಲಸ ಮಾಡುತ್ತಲೇ ನನ್ನ ಊರು ಕೇಳಿದರು. ಕರ್ನಾಟಕ ಎಂದಿದ್ದೇ ತಡ, ‘ನೀವು ನಮ್ಮ ವಿಠೋಬನನ್ನು ಹಂಪಿಗೆ ಒಯ್ದಿದ್ದಿರಿ, ನಮ್ಮ ಪೈಠಣದ ಭಾನುದಾಸರು ಬಂದು ತಿರುಗಿ ತಂದರು’ ಎಂದು ಚುಡಾಯಿಸಿದರು. ಭಾನುದಾಸರು ಸಂತ ಏಕನಾಥರ ಮುತ್ತಜ್ಜ. ವಾರಕರಿಗಳು ಈ ಕಥೆಯನ್ನು ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾರೆ. ‘ಕಾಕಾ, ಆ ಸಾಲಕ್ಕೆ ಬಡ್ಡಿ ಸೇರಿಸಿ ಬಿಲ್ ಮಾಡಬೇಡಿ’ ಎಂದೆ. ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಚಹಾ ಅವರೇ ತರಿಸಿದರು.

ಹೆಂಡತಿ ಕೂಡಲೇ ಒಪ್ಪಲಿಲ್ಲ. ‘ಒಂದ್ ತಿಂಗಳ ನೀವ ಅಡ್ಡಾಡ್ರಿ, ಆಮ್ಯಾಲ ನೋಡೂಣು’ ಎಂದಳು. ಅದು ನ್ಯಾಯವೇ. ಕವರ್ ಕಿತ್ತೆಸೆದು, ಬೇಕೆಂದೇ ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ ಓಡಿಸಿದೆ. ಜನವರಿಯ ಕೊನೆಯ ಭಾನುವಾರ ನಾಥಸಾಗರದ ಹಕ್ಕಿ ನೋಡಲು ಹೋಗೋಣವೆಂದು ಅವಳೇ ಹೆಲ್ಮೆಟ್ ಎತ್ತಿಕೊಂಡಳು. ದಾರಿಯಲ್ಲಿ ಪೈಠಣದ ಅದೇ ಬಂಕಿಗೆ ಗಾಡಿ ತಿರುಗಿಸಿದೆ. ಹುಡುಗ ನನ್ನ ಗುರುತು ಹಿಡಿದ. ತಪ್ಪು ನನ್ನದೇ ಆಗಿತ್ತು, ಮುಚ್ಚಳ ಕಟ್ಟಿಕೊಂಡಿತ್ತು ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವನು ಪಂಪಿನ ಮೀಟರಿನತ್ತ ಬೆರಳು ಮಾಡಿ, ‘ಝೀರೋ ಬಘಾ, ಸರ್’ ಎಂದ.